ಟೋಲೋಗೆ ಕರೆದವಳು

ಇಸ್ಸಾಕ್ವಾ
3 ಮಾರ್ಚ್ 2025

ಪ್ರೀತಿಯ ವಸಂತಿ,

ಬೆಳಗ್ಗಿನಿಂದ ಮನೆಯೊಳಗೆ ಆಚೆ ಈಚೆ ನಡೀತಾ ಇದ್ದೇನೆ. ಸೊಸೆ ಶರೋನ್ ಎರಡು ಸಲ ಕೇಳಿದಳು, "ಮಮ್ಮಿ, ಎಂತ ಹುಡುಕ್ತಾ ಇದ್ದೀರಿ?" ಅಂತ. ಹುಡುಕುದು ಎಂತದೂ ಇಲ್ಲ. ಕೂತಲ್ಲಿ ಕೂರ್ಲಿಕ್ಕೆ ಆಗುದಿಲ್ಲ, ಅಷ್ಟೆ. ಫೋನಿನಲ್ಲಿ ನೀನು ಹೇಳಿದ್ದು ನನ್ನ ಕಿವಿಗೆ ಬೀಳುದಿಲ್ಲ, ನಾನು ಕಿರುಚಿದ್ದು ಇಡೀ ಬೀದಿಗೆ ಕೇಳ್ತದೆ. ಹಾಗಾಗಿ ಯಾವಾಗಿನ ಹಾಗೆ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕ್ತೇನೆ.

ವಿಷಯ ಇದು. 1957ರಲ್ಲಿ ಮಂಗಳೂರಿನಿಂದ ಒಂದು ವರ್ಷ ಸಿಯಾಟಲಿನ ಹೈಸ್ಕೂಲಿಗೆ ನನ್ನನ್ನು ಕಳಿಸಿದ್ದರಲ್ಲ, ಇಲ್ಲಿಂದ ಅರ್ಧ ಗಂಟೆ ದಾರಿಯ ಆ ಶಾಲೆಯವರು ಕರೆದಿದ್ದಾರೆ. ಅಲ್ಲಿಯ ಹಳೆ ನಾಟಕದ ಹಾಲನ್ನು ಈ ಬೇಸಿಗೆಯಲ್ಲಿ ಕೆಡವ್ತಾರಂತೆ. ಅದಕ್ಕಿಂತ ಮೊದಲು ನಮ್ಮ 58ರ ಬ್ಯಾಚಿನಲ್ಲಿ ಉಳಿದವರಿಗೆ ಏಪ್ರಿಲಿನಲ್ಲಿ ಒಂದು ಊಟ. ಈಗಿನ ಮಕ್ಕಳು ನಮ್ಮ ಕಾಲದ ನಾಟಕ, ಡ್ಯಾನ್ಸು, ಪಾರ್ಟಿ ಎಲ್ಲ ಕೇಳಿಕೊಂಡು ಮೇ ಕೊನೆಗೆ ಅದೇ ಹಾಲಿನಲ್ಲಿ ಒಂದು ನಾಟಕ ಆಡ್ತಾರಂತೆ. ಮಗ ಡೇನಿಯಲ್ ನನ್ನ ಹತ್ತಿರ ಕೇಳದೆ ಅವರ ವೆಬ್‌ಸೈಟಿನಲ್ಲಿ ನನ್ನ ಹೆಸರು ಹಾಕಿದ್ದಾನೆ ಮಾರಾಯ್ತಿ. ಸಿಟ್ಟು ಬಂತು.

"ಹೋಗಿ ಮಮ್ಮಿ. ಹಾಲ್ವರ್ಸನ್ ಇದ್ದಿದ್ರೆ ಅವರೇ ಕೈ ಹಿಡಿದು ಕರ್ಕೊಂಡು ಹೋಗ್ತಿದ್ರು" ಅಂತಾನೆ.

ಅದು ಹೌದು. ಆ ವರ್ಷ ನನ್ನನ್ನು ಮನೆಯಲ್ಲಿ ಇಟ್ಟುಕೊಂಡು ಮಗಳ ಹಾಗೆ ನೋಡಿದವರು ಅವರು. ನನ್ನ ಮಗನಿಗೆ ಡೇನಿಯಲ್ ಅಂತ ಅವರದ್ದೇ ಹೆಸರು ಇಟ್ಟದ್ದು ನಿನಗೆ ಗೊತ್ತುಂಟು. ಡೇನಿಯಲ್ ಓದ್ಲಿಕ್ಕೆ ಇಲ್ಲಿಗೆ ಬಂದಾಗಲೂ ಮೊದಲ ಆರು ತಿಂಗಳು ಅವರ ಮನೆಯಲ್ಲೇ ಇದ್ದ. ಗಂಡ ಹೆಂಡತಿ ಇಬ್ಬರೂ ಹೋಗಿ ವರ್ಷ ಎಷ್ಟಾಯ್ತು!

ಆದರೂ ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಯಾಕೆ ಅಂತ ಕೇಳಬೇಡ.

ನಿನ್ನ
ಐರಿನ್

* * *

ಮೈಸೂರು
9 ಮಾರ್ಚ್ 2025

ಪ್ರಿಯ ಐರಿನ್,

ಕೇಳಬೇಡ ಅಂದ್ರೆ ಕೇಳದೇ ಇರ್ತೀನಾ? ಯಾಕೆ ಹೋಗಲ್ಲ?

ನಿನ್ನ ಕಾಗದ ನೋಡಿ ನನಗೂ ನಿದ್ದೆ ಬರ್ಲಿಲ್ಲ ಕಣೇ. ಅಪ್ಪನ ಕೆಲಸಕ್ಕೆ ನಾವಿನ್ನೂ ಮಂಗಳೂರಲ್ಲಿದ್ವಿ, ಆ ವರ್ಷ ನಿನ್ನ ನೀಲಿ ಏರೋಗ್ರಾಂ ಕಾಗದ ಬಂದ ದಿನ ನಮ್ಮನೇಲಿ ಹಬ್ಬ. ಮೊದಲು ಅಪ್ಪ ಓದಿ, ತಲೆ ಆಡಿಸಿ, ಆಮೇಲೆ ನನ್ನ ಕೈಗೆ. ಶಾಲೆ ನಾಟಕದಲ್ಲಿ ಪರದೆ ಪಕ್ಕ ನಿಂತು ಮಾತು ಮರೆತೋರಿಗೆ ಹೇಳಿಕೊಡ್ತೀನಿ ಅಂತ ಬರೆದಿದ್ದೆ. ಅಮೆರಿಕದೋರಿಗೆ ಇಂಗ್ಲಿಷು ಹೇಳಿಕೊಡೋಳು ನಮ್ಮ ಐರಿನ್ನು ಅಂತ ನಾನು ಊರೆಲ್ಲಾ ಸಾರಿದ್ದೆ. ಆಮೇಲೆ ಮೇಷ್ಟ್ರಮ್ಮ ಆಗಿ ಅಷ್ಟು ವರ್ಷ ಮಕ್ಕಳ ಹತ್ರ ನಾಟಕ ಆಡಿಸಿದ್ನಲ್ಲ, ನನ್ನ ತಲೇಲಿ ಇದ್ದದ್ದು ನಾನು ಕಾಣದ ಆ ನಿನ್ನ ನಾಟಕದ ಹಾಲ್. ಅದನ್ನ ಕೆಡವ್ತಾರೆ ಅಂದ್ರೆ ನನಗೇ ಸಂಕಟ ಆಗ್ತಿದೆ, ನೀನು ಹೋಗಲ್ಲ ಅಂತೀಯಾ!

ಇನ್ನೊಂದು. ನಾಟಕದ ವಿಷಯ ಅಷ್ಟು ಬರೆದೆ, ಡ್ಯಾನ್ಸ್ ಬಗ್ಗೆ ಒಂದು ಸಾಲೂ ಬರೀಲಿಲ್ಲ. ಕುಣೀಲೇ ಇಲ್ವಾ?

ಇಂತಿ,
ವಸಂತಲಕ್ಷ್ಮಿ

* * *

ಇಸ್ಸಾಕ್ವಾ
20 ಮಾರ್ಚ್ 2025

ಪ್ರೀತಿಯ ವಸಂತಿ,

ನೀನು ಕೇಳಿದ್ದನ್ನೇ ಒಂದು ಹುಡುಗಿಯೂ ಬಂದು ಕೇಳಿದಳು. ಜಾಹ್ನವಿ ಅಂತ. ಆ ನಾಟಕ ಬರೀತಾ ಇರುವವಳು ಅವಳೇ. ಅಪ್ಪ ಅಮ್ಮ ನಿಮ್ಮ ಮೈಸೂರಿನವರು, ಮನೆ ಸಿಯಾಟಲಿನ ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ. ನಾನು ಕನ್ನಡದಲ್ಲಿ ಮಾತಾಡಿದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು, ಇಬ್ಬರಿಗೂ ಕಷ್ಟ ಆಗ್ಲಿಲ್ಲ.

"ಆಂಟಿ, ನೀವು ಟೋಲೋಗೆ ಯಾರನ್ನು ಕರೆದ್ರಿ?" ಅಂತ ನೇರ ಕೇಳಿಯೇ ಬಿಟ್ಟಳು.

ಟೋಲೋ ಅಂದರೆ ಈ ಕಡೆಯ ಶಾಲೆಗಳ ಡ್ಯಾನ್ಸು. ಬೇರೆ ಡ್ಯಾನ್ಸಿಗೆ ಹುಡುಗರು ಹುಡುಗಿಯರನ್ನು ಕರೀತಾರೆ. ಟೋಲೋದಲ್ಲಿ ಹುಡುಗಿಯೇ ಹೋಗಿ ಹುಡುಗನನ್ನು ಕರೀಬೇಕು. ಈಗಲೂ ಉಂಟಂತೆ.

ನಾನು ಕರೆದಿದ್ದೆ ವಸಂತಿ. ಜಾರ್ಜ್ ಮೊರಿತಾ ಅಂತ. ನಾಟಕಕ್ಕೆ ಪರದೆ ಬರೆಯುವ ಹುಡುಗ. ಜಪಾನಿ ಮನೆತನ, ಹುಟ್ಟಿದ್ದು ಇಲ್ಲಿಯೇ. ಜಪಾನಿನ ಜೊತೆ ಯುದ್ಧದ ಸಮಯ ಇಲ್ಲಿಯ ಸರ್ಕಾರ ಜಪಾನಿ ಮನೆತನದವರನ್ನೆಲ್ಲ ಹಿಡಿದು ಕ್ಯಾಂಪಿಗೆ ಹಾಕಿತ್ತು, ಅವನು ಮಾತು ಕಲಿತದ್ದೇ ಆ ಕ್ಯಾಂಪಿನಲ್ಲಿ. ನಾನು ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತಿದ್ದರೆ ಅವನು ಹಿಂದೆ ಬಣ್ಣದ ಡಬ್ಬದ ಮೇಲೆ ಕೂತು ನನಗೆ ನಗು ಬರಿಸ್ತಿದ್ದ. ಒಂದು ದಿನ ಊಟದ ಸಾಲಿನಲ್ಲಿ ನಿಂತು, ಟೋಲೋಗೆ ಬರ್ತೀಯಾ ಅಂತ ಕೇಳಿಬಿಟ್ಟೆ. ಬರ್ತೇನೆ ಅಂದ.

ಹಾಲ್ವರ್ಸನ್ ಅಮ್ಮ ನನಗೆ ಆಕಾಶದ ಬಣ್ಣದ ಗೌನು ಹೊಲಿದರು. ಹಾಕಿಕೊಂಡು ಎದುರಿನ ಕೋಣೆಯಲ್ಲಿ ಕೂತೆ. ಅವನು ಬರ್ಲಿಲ್ಲ. ಡ್ಯಾನ್ಸ್ ಶುರುವಾಗುವ ಹೊತ್ತು ದಾಟಿತು. ಆಗ ಹಾಲ್ವರ್ಸನ್ ಬಂದು, "ಬಾ ಮಗಳೇ, ಅವನು ಹೋಗ್ಲಿ, ನಾವು ಐಸ್‌ಕ್ರೀಮ್ ತಿನ್ಲಿಕ್ಕೆ ಹೋಗುವ" ಅಂತ ಕಾರು ತೆಗೆದರು. ಆ ಗೌನಿನಲ್ಲೇ ಹೋದೆ. ಅಂಗಡಿಯವನು ನನಗೆ ಎರಡು ಚೆರಿ ಜಾಸ್ತಿ ಇಟ್ಟ. ಅಪ್ಪ ಅಂದ್ರೆ ಹೀಗಿರಬೇಕು ಅಂತ ಅವತ್ತು ಅಂದುಕೊಂಡೆ. ಹತ್ತು ವರ್ಷದ ನಂತರ ಮಗ ಹುಟ್ಟಿದಾಗ ಹೆಸರಿಗೆ ಹುಡುಕ್ಲಿಲ್ಲ.

ಜಾರ್ಜನ ಹತ್ತಿರ ಮತ್ತೆ ಮಾತಾಡ್ಲಿಲ್ಲ. ಅವನೂ ಮುಖ ತಿರುಗಿಸ್ತಿದ್ದ. ನಿನಗೆ ಬರೆದರೆ ನಿನ್ನ ಅಪ್ಪ ಮೊದಲು ಓದ್ತಾರೆ, ಹೇಗೆ ಬರೆಯುದು?

ಏಪ್ರಿಲ್ 12ರ ಊಟಕ್ಕೆ ಬರುವವರಲ್ಲಿ ಅವನ ಹೆಸರೂ ಉಂಟು.

ಐರಿನ್

* * *

ಮೈಸೂರು
24 ಮಾರ್ಚ್ 2025

ಐರಿನ್,

ಓಹೋ, ಇದಾ ಸಮಾಚಾರ! ಎಂಬತ್ತನಾಲ್ಕರ ಮುದುಕಿಗೆ ಮನೆಯೊಳಗೆ ಕಾಲು ನಿಲ್ತಿಲ್ಲ ಅಂದ್ರೆ ಇಷ್ಟೇನಾ? ನಿನ್ನ ಯಜಮಾನ್ರು ಲಾರೆನ್ಸ್ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ, ಅಮ್ಮಾವ್ರಿಗೆ ಹಳೇ ಹುಡುಗ ನೆನಪಾದ. ಒಳ್ಳೇ ಸೀರೆ ಉಟ್ಕೊಂಡು ಹೋಗು, ಲಿಪ್‌ಸ್ಟಿಕ್ ಮರೀಬೇಡ.

ತಮಾಷೆ ಇರ್ಲಿ. ಒಂದು ಮಾತು ಬರೀತೀನಿ, ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ನಮ್ಮ ಕ್ಲಾಸಿಂದ ಆ ಅಮೆರಿಕದ ಸೀಟಿಗೆ ಮೊದಲು ಕರೆದಿದ್ದು ನನ್ನ ಹೆಸರನ್ನ. ಅಪ್ಪ ಬೇಡ ಅಂದ್ರು, ಆಮೇಲೆ ನಿನಗೆ ಹೋಯ್ತು. ನಿನಗೆ ಇದು ಗೊತ್ತಿದೆ, ಗೊತ್ತಿಲ್ಲದ ಹಾಗೆ ಇಬ್ರೂ ಇಷ್ಟು ಕಾಲ ಕಳೆದ್ವಿ. ಒಬ್ಬ ಹುಡುಗ ಡ್ಯಾನ್ಸಿಗೆ ಬರ್ಲಿಲ್ಲ ಅಂತ ಅಷ್ಟು ದೊಡ್ಡ ವರ್ಷಾನ ಅಳ್ತಾ ಕಳೆದ್ಯಾ? ನಾನಾಗಿದ್ದಿದ್ರೆ ಒಬ್ಳೇ ಹೋಗಿ ಕುಣಿದು ಬರ್ತಿದ್ದೆ.

ವಸಂತಲಕ್ಷ್ಮಿ

* * *

ಮೈಸೂರು
30 ಏಪ್ರಿಲ್ 2025

ಪ್ರಿಯ ಐರಿನ್,

ಐದು ವಾರ ಆಯ್ತು. ವಾಟ್ಸಾಪಲ್ಲಿ ಎರಡು ನೀಲಿ ಟಿಕ್ ಕಾಣುತ್ತೆ, ನೀನು ಓದಿದೀಯ. ಊಟಕ್ಕೆ ಹೋದ್ಯೋ ಇಲ್ವೋ ಅದೂ ತಿಳೀದು. ಮೊನ್ನೆ ನನ್ನ ಮಗ ಉದಯ್ ಕೈಲಿ ಡೇನಿಯಲ್‌ಗೆ ಮೆಸೇಜ್ ಹಾಕಿಸಿದೆ. "ಮಮ್ಮಿ ಚೆನ್ನಾಗಿದ್ದಾರೆ, ಸ್ವಲ್ಪ ಸುಸ್ತು" ಅಂತ ಬಂತು. ಯಾವ ಸುಸ್ತು?

ನನ್ನ ಕಾಗದ ಚುಚ್ಚಿದ್ರೆ ಚುಚ್ಚಿತು ಅಂತ ಬರಿ. ಲಾರೆನ್ಸ್ ಹೆಸರು ಎತ್ತಬಾರದಿತ್ತು. ಅದೊಂದು ತಪ್ಪಾಯ್ತು. ಸೀಟಿನ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ಬರಿ ಕಣೇ.

ವಸಂತಿ

* * *

ಇಸ್ಸಾಕ್ವಾ
6 ಮೇ 2025

ವಸಂತಿ,

ನಿನ್ನ ಕಾಗದದಿಂದ ನನಗೆ ಎಂತದೂ ಆಗ್ಲಿಲ್ಲ. ಅದನ್ನು ನೆನೆಸ್ಲಿಕ್ಕೂ ಪುರುಸೊತ್ತು ಇರ್ಲಿಲ್ಲ ಅಂತ ಹೇಳಿದರೆ ನೀನು ಮತ್ತೂ ಸಿಟ್ಟಾದೀಯ.

ಊಟಕ್ಕೆ ಹೋದೆ. ಡೇನಿಯಲ್ ನನ್ನನ್ನು ಅಲ್ಲಿ ಬಿಟ್ಟು, ಮತ್ತೆ ಬರ್ತೇನೆ ಅಂತ ಹೋದ. ಹದಿನೈದು ಇಪ್ಪತ್ತು ಜನ, ಎಲ್ಲರ ಎದೆಗೂ ಶಾಲೆಯ ಕಾಲದ ಫೋಟೋ ಸಿಕ್ಕಿಸಿದ್ದರು. ಜಾರ್ಜ್ ವಾಕರ್ ಹಿಡಿದು ಬಂದ. ಈಗ ಬಾಥೆಲ್ ಊರಿನ ನಾರ್ತ್ ಕ್ರೀಕ್ ಹತ್ತಿರ ಮಗಳ ಮನೆಯಲ್ಲಿದ್ದಾನೆ. ನನ್ನ ಎದುರಿನ ಕುರ್ಚಿಯಲ್ಲೇ ಕೂರಿಸಿದರು. ಅವನು ತಲೆ ಬಗ್ಗಿಸಿ ಸೂಪು ಕುಡೀತಾ ಇದ್ದ. ನನಗೆ ತಡೀಲಿಲ್ಲ.

"ಟೋಲೋಗೆ ನೀನು ಯಾಕೆ ಬರ್ಲಿಲ್ಲ?" ಅಂತ ಕೇಳಿದೆ. ನನ್ನ ಕಿವಿಯ ಕತೆ ನಿನಗೆ ಗೊತ್ತು, ಮೆಲ್ಲ ಕೇಳಿದೆ ಅಂತ ನಾನು ಎಣಿಸಿದ್ದು. ಇಡೀ ಮೇಜು ನಮ್ಮ ಕಡೆ ತಿರುಗಿತು.

ಅವನು ಚಮಚ ಕೆಳಗಿಟ್ಟ. "ನಾನು ಬಂದಿದ್ದೆ ಐರಿನ್" ಅಂದ.

ಬಂದಿದ್ದನಂತೆ ವಸಂತಿ. ಅಣ್ಣನ ಕೋಟು ಹಾಕಿಕೊಂಡು, ಡ್ಯಾನ್ಸಿಗೆ ಹುಡುಗಿಯ ಕೈಗೆ ಕಟ್ಟುವ ಹೂ ನನಗೆ ತಗೊಂಡು. ಹಾಲ್ವರ್ಸನ್ ಗೇಟಿನ ಹತ್ತಿರವೇ ನಿಂತಿದ್ದರಂತೆ. ಅವನ ಹೆಗಲ ಮೇಲೆ ಕೈ ಇಟ್ಟು ಹೇಳಿದರಂತೆ, "ಮಗೂ, ಹೇಳ್ಲಿಕ್ಕೆ ಅವಳಿಗೆ ನಾಚಿಕೆ. ನಿನ್ನ ಜೊತೆ ಬರುವ ಮನಸ್ಸು ಅವಳಿಗಿಲ್ಲ. ಅವಳಿಗೆ ಮುಜುಗರ ಮಾಡಬೇಡ, ಮನೆಗೆ ಹೋಗು." ಅವನು ಹೋದ. ಹೂವನ್ನು ತನ್ನ ಅಮ್ಮನಿಗೆ ಕೊಟ್ಟ. ಅವರು ಮಾರನೇ ದಿನ ಅದನ್ನು ಮುಡಿದುಕೊಂಡು ನೆಂಟರ ಮನೆಗೆ ಹೋಗಿ, "ನನ್ನ ಮಗ ತಂದದ್ದು" ಅಂತ ಎಲ್ಲರಿಗೂ ತೋರಿಸಿದರಂತೆ.

ಅಷ್ಟು ವರ್ಷ ಅವನು ಅಂದುಕೊಂಡದ್ದು ನಾನೇ ಅವನನ್ನು ಅಟ್ಟಿಸಿದ್ದು ಅಂತ.

ಹಾಲ್ವರ್ಸನರ ತಮ್ಮ ಪೆಸಿಫಿಕ್ ಯುದ್ಧದಲ್ಲಿ ಜಪಾನಿನವರ ಕೈಯಲ್ಲಿ ಸತ್ತಿದ್ದ, ಪಿಯಾನೋ ಮೇಲೆ ಅವನ ಫೋಟೋ ಇತ್ತು. ಅದಕ್ಕೆ ಹಾಗೆ ಮಾಡಿದರೋ ಏನೋ. ಆದರೆ ಜಾರ್ಜ್ ಆಗ ತೊಟ್ಟಿಲ ಮಗು! ಮತ್ತೆ ಒಳಗೆ ಬಂದು ನನಗೆ ಐಸ್‌ಕ್ರೀಮ್ ಕೊಡಿಸಿದರು. "ಅವನು ಹೋಗ್ಲಿ" ಅಂದರಲ್ಲ ವಸಂತಿ, ಎಷ್ಟು ಪ್ರೀತಿಯಿಂದ ಅಂದಿದ್ದರು!

ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ. ದಿನಕ್ಕೆ ಹತ್ತು ಸಲ ಈ ಮನೆಯಲ್ಲಿ ಡೇನಿಯಲ್ ಅಂತ ಕರೀತೇನೆ. ಪ್ರತಿ ಸಲ ಹಾಲ್ವರ್ಸನರನ್ನೇ ಕರೆದ ಹಾಗೆ ಆಗ್ತದೆ. ಹೆಸರು ಬಿಟ್ಟು ಕೊಂಕಣಿಯಲ್ಲಿ "ಪುತಾ" ಅಂತ ಕರೆದು ನೋಡಿದೆ. "ಮಮ್ಮಿ, ಎಂತ ಆಯ್ತು ನಿಮಗೆ?" ಅಂತ ಕೇಳಿದ.

ಐರಿನ್

* * *

ಮೈಸೂರು
8 ಮೇ 2025

ಪ್ರಿಯ ಐರಿನ್,

ಎರಡು ದಿನದಲ್ಲಿ ನಿನ್ನ ಕಾಗದ ನಾಲ್ಕು ಸಲ ಓದಿದೆ.

ಡೇನಿಯಲ್‌ಗೆ ಹೇಳಬೇಡ. ನನ್ನ ಮಾತು ಕೇಳು. ಪರದೇಶದಲ್ಲಿ ಮೊದಲ ಅನ್ನ ಹಾಕಿದ ಮನೆ ಅದು ಅವನಿಗೆ. ಆ ಮನುಷ್ಯ ಮಾಡಿದ್ದು ಅನ್ಯಾಯ, ಇಲ್ಲ ಅನ್ನಲ್ಲ. ಆದ್ರೆ ಅವರು ಮಣ್ಣಾಗಿ ಎಷ್ಟೋ ಕಾಲ ಆಯ್ತು. ಈಗ ನೀನು ಬಾಯಿ ಬಿಟ್ರೆ ನೋಯೋದು ಸತ್ತೋರಲ್ಲ, ನಿನ್ನ ಮಗ. ನಮ್ಮ ಅಪ್ಪನೂ ನನಗೆ ಬಾಗಿಲು ಹಾಕಿದೋರೇ. ಅವರ ತಿಥಿ ನಾನು ಬಿಟ್ಟಿದೀನಾ?

ಜಾರ್ಜ್‌ಗೆ ನಿಜ ತಿಳೀತು, ನಿನಗೂ ತಿಳೀತು. ಅಷ್ಟಕ್ಕೆ ಬಿಡು. ಸಾಯಂಕಾಲ ವಾಕ್ ಹೋಗು, ಮನಸ್ಸು ತಿಳಿಯಾಗುತ್ತೆ.

ವಸಂತಿ

* * *

ಇಸ್ಸಾಕ್ವಾ
2 ಜೂನ್ 2025

ಪ್ರೀತಿಯ ವಸಂತಿ,

ನಿನ್ನ ಮಾತು ಕೇಳ್ಲಿಲ್ಲ. ಹೇಳಿದೆ.

ವಾಕ್ ಹೋದೆ, ಮನಸ್ಸು ತಿಳಿಯಾಗ್ಲಿಲ್ಲ. ಗುಡ್ಡದ ಮೇಲಿನ ನಮ್ಮ ಬೀದಿಯಲ್ಲಿ ಒಂದರ ಹಾಗೆ ಇನ್ನೊಂದು ಮನೆ, ಒಂದು ಸಂಜೆ ಬೇರೆಯವರ ಬಾಗಿಲಿಗೆ ಹೋಗಿ ಬೆಲ್ಲು ಒತ್ತಿದೆ. ಮಗ ಕಾರು ತಗೊಂಡು ಹುಡುಕಿ ಬಂದ. ಕಾರಿನಲ್ಲೇ ಎಲ್ಲ ಹೇಳಿಬಿಟ್ಟೆ.

ಅವನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದ. ಆಮೇಲೆ ಹೇಳಿದ, "ಇದನ್ನು ಹೇಳದಿದ್ರೆ ಆಗ್ತಿರ್ಲಿಲ್ವಾ ಮಮ್ಮಿ? ನನಗೆ ಡ್ರೈವಿಂಗ್ ಕಲಿಸಿದ್ದು ಅವರು." ನೀನು ಹೇಳಿದ್ದೇ ಆಯ್ತು. ಮೂರು ದಿನ ಊಟದ ಮೇಜಿನಲ್ಲಿ ಮಾತಿಲ್ಲ. ಶರೋನ್ ನಮ್ಮಿಬ್ಬರ ಮುಖ ನೋಡಿ ನೋಡಿ ಸೋತಳು.

ಮೇ ಕೊನೆಗೆ ಇಲ್ಲಿ ಸತ್ತವರ ಗೋರಿಗೆ ಹೂ ಇಡುವ ದಿನ ಬರ್ತದೆ. ಈ ವರ್ಷ ಹಾಲ್ವರ್ಸನರ ಗೋರಿಗೆ ಹೋಗುದಿಲ್ಲ ಅಂತ ನಾನು ಎಣಿಸಿದ್ದೆ. ಡೇನಿಯಲ್ ಬೆಳಗ್ಗೆ ಬಂದು, "ಹೊರಡಿ" ಅಂದ. ಹೋದೆವು. ಹಾಲ್ವರ್ಸನ್ ಅಮ್ಮನ ಕಲ್ಲಿಗೆ ಹೂ ಇಟ್ಟೆ. ಅವರಿಗೆ ಗೊತ್ತಿತ್ತೋ ಇಲ್ವೋ, ಯಾರನ್ನು ಕೇಳುದು? ಹಾಲ್ವರ್ಸನರ ಕಲ್ಲಿನ ಎದುರು ನಿಂತು ಕೊಂಕಣಿಯಲ್ಲಿ ಬಾಯಿ ತುಂಬ ಬೈದೆ. ಪಕ್ಕದ ಗೋರಿಗೆ ಬಂದವರು ನಾನು ಪ್ರಾರ್ಥನೆ ಮಾಡ್ತಾ ಇದ್ದೇನೆ ಅಂತ ತಲೆ ಬಗ್ಗಿಸಿ ನಿಂತರು.

ಬೈದು ಮುಗಿದ ಮೇಲೆ ಮಗನಿಗೆ ಹೇಳಿದೆ, "ನಿನಗೆ ಈ ಹೆಸರು ಇಡಬಾರದಿತ್ತು."

"ಇಟ್ಟದ್ದು ನೀವು, ಅವರಲ್ಲ. ಐವತ್ತೇಳು ವರ್ಷ ನಾನೇ ಉಪಯೋಗಿಸಿದ್ದು, ಈಗ ಇದು ನನ್ನದು. ಧೈರ್ಯವಾಗಿ ಕರೀರಿ" ಅಂದ. ಆಮೇಲೆ ತಾನು ತಂದ ಹೂವನ್ನು ಹಾಲ್ವರ್ಸನರ ಕಲ್ಲಿನ ಮೇಲೆ ಇಟ್ಟ. ನಾನು ಬೇಡ ಅನ್ಲಿಲ್ಲ. ಅದು ಅವನ ಲೆಕ್ಕ.

ಮೊನ್ನೆ ಶುಕ್ರವಾರ ಮಕ್ಕಳ ನಾಟಕ ಆಯ್ತು. ಜಾಹ್ನವಿಗೆ ಜಾರ್ಜನೂ ನಾನೂ ಎಲ್ಲ ಹೇಳಿದ್ದೆವು, ಹೆಸರು ಬದಲಿಸಬೇಕು ಅಂತ ಮಾತ್ರ ಕೇಳಿಕೊಂಡಿದ್ದೆವು. ವೇದಿಕೆಯ ಮೇಲೆ ಆ ಗೇಟಿನ ದೃಶ್ಯ ಬಂತು. ಹಾಲ್ವರ್ಸನ್ ಆದ ಹುಡುಗ ಕಣ್ಣು ಕೆಂಪು ಮಾಡಿ, ಬೆರಳು ತೋರಿಸಿ ಅಬ್ಬರಿಸಿದ. ಜನ ಹಲ್ಲು ಕಚ್ಚಿದರು. ಜಾರ್ಜ್ ನನ್ನ ಪಕ್ಕದಲ್ಲಿದ್ದ. ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ, "ಹಾಗೆ ಬೈದಿದ್ರೆ ನಾನು ಹೋಗ್ತಿರ್ಲಿಲ್ಲ. ಅವರು ತುಂಬಾ ಒಳ್ಳೆ ರೀತಿಯಲ್ಲಿ ಹೇಳಿದ್ರು. ಅದಕ್ಕೇ ನಂಬಿದೆ."

ನಾಟಕ ಮುಗಿದ ಮೇಲೆ ಜಾಹ್ನವಿಗೆ ಅದನ್ನೇ ಹೇಳಿದೆ. ಅವಳ ಮುಖ ಸಣ್ಣದಾಯ್ತು. "ಅದನ್ನು ಸ್ಟೇಜಿನಲ್ಲಿ ಹೇಗೆ ತೋರಿಸುದು ಆಂಟಿ?" ಅಂತ ಕೇಳಿದಳು. ನನಗೂ ಗೊತ್ತಿಲ್ಲ. ನಾಟಕ ಆಡಿಸಿದವಳು ನೀನು, ಹೇಳು.

ಐರಿನ್

* * *

ಮೈಸೂರು
11 ಜೂನ್ 2025

ಪ್ರಿಯ ಐರಿನ್,

ಆ ಹುಡುಗಿಗೆ ಹೇಳು: ಹಾಲ್ವರ್ಸನ್ ಪಾತ್ರದೋನು ನಗ್ತಾ ಮಾತಾಡಬೇಕು, ಆ ಹುಡುಗನ ಕೋಟಿನ ಕಾಲರ್ ಸರಿ ಮಾಡಬೇಕು. ಆಗ ನೋಡೋರಿಗೆ ಮೈ ಜುಂ ಅನ್ನುತ್ತೆ.

ಡೇನಿಯಲ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ನೀನು ಮಾಡಿದ್ದು ಸರಿ. ಇದನ್ನ ಬರೆಯೋಕೆ ಒಂದು ವಾರ ಬೇಕಾಯ್ತು.

ಇನ್ನೊಂದು ಹೇಳಿ ಮುಗಿಸ್ತೀನಿ. ಇಷ್ಟೆಲ್ಲಾ ಓದಿದ ಮೇಲೆ ನಿನ್ನ ಮೇಲಿನ ನನ್ನ ಹೊಟ್ಟೆಕಿಚ್ಚು ಹೋಗಬೇಕಿತ್ತು. ಹೋಗಿಲ್ಲ ಕಣೇ. ನಿನಗಾಗಿ ಒಬ್ಬ ಹೂ ಹಿಡಿದು ಗೇಟಿನ ತನಕ ಬಂದಿದ್ದ. ಅದೂ ನೀನು ಕರೆದಿದ್ದಕ್ಕೆ. ನಾನು ಈ ಜನ್ಮದಲ್ಲಿ ಯಾರನ್ನೂ ಏನಕ್ಕೂ ಕರೀಲಿಲ್ಲ.

ವಸಂತಿ

* * *

ಇಸ್ಸಾಕ್ವಾ
21 ಜುಲೈ 2025

ಪ್ರೀತಿಯ ವಸಂತಿ,

ಹೊಟ್ಟೆಕಿಚ್ಚು ಇರ್ಲಿ, ಬಿಡು. ಅದಿಲ್ಲದಿದ್ದರೆ ನೀನು ಇಷ್ಟು ವರ್ಷ ನನಗೆ ಉತ್ತರ ಬರೀತಿದ್ದೆಯಾ?

ಜೂನಿನಲ್ಲಿ ಆ ನಾಟಕದ ಹಾಲನ್ನು ಕೆಡವಿದರು. ನಾನು ನೋಡ್ಲಿಕ್ಕೆ ಹೋಗ್ಲಿಲ್ಲ. ಕಳೆದ ವಾರ ಜಾರ್ಜ್ ಫೋನ್ ಮಾಡಿದ. ಡೇನಿಯಲ್ ಎತ್ತಿದ. ಇಬ್ಬರ ಮಾತು ಮುಗಿಯುದೇ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೇನೆ, ಒಂದು ಮಾತೂ ಕಿವಿಗೆ ಬೀಳುದಿಲ್ಲ. ಇಟ್ಟ ಮೇಲೆ, "ಅಷ್ಟು ಹೊತ್ತು ಎಂತ ಮಾತಾಡಿದ್ರಿ?" ಅಂತ ಕೇಳಿದರೆ "ಬೇಸ್‌ಬಾಲ್" ಅಂದ. "ಮತ್ತೆ ನಿಮ್ಮನ್ನು ಒಂದು ಕಡೆಗೆ ಕರೆದಿದ್ದಾರೆ."

ಇಲ್ಲಿಯ ಜಪಾನಿನವರು ವರ್ಷಕ್ಕೊಮ್ಮೆ ಜುಲೈಯಲ್ಲಿ ಅವರ ಬುದ್ಧನ ಗುಡಿಯ ಎದುರು ಬೀದಿ ಮುಚ್ಚಿ ಕುಣೀತಾರೆ. ತೀರಿಹೋದ ಹಿರಿಯರ ನೆನಪಿಗೆ. ಶನಿವಾರ ಸಂಜೆ ಡೇನಿಯಲ್ ಕರ್ಕೊಂಡು ಹೋದ. ಬೀದಿಯ ಉದ್ದಕ್ಕೂ ಕಾಗದದ ದೀಪ, ನಡುವೆ ಡೋಲು. ಜಾರ್ಜ್ ಫುಟ್‌ಪಾತಿನ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದ. ಅವನ ಸೊಂಟಕ್ಕೆ ಆಪರೇಶನ್ ಆಗಿದೆ, ಕುಣೀಲಿಕ್ಕೆ ಇಲ್ಲ. ಪಕ್ಕದಲ್ಲಿ ನನಗೊಂದು ಕುರ್ಚಿ. ನಾನು ಕೂತೆ. ಎದ್ದೆ. ಮತ್ತೆ ಕೂತೆ.

"ಐರಿನ್, ಹೋಗು. ಇಲ್ಲಿ ಜೋಡಿ ಬೇಡ. ಎಲ್ಲಿ ಜಾಗ ಕಂಡರೆ ಅಲ್ಲಿ ಸೇರುದು" ಅಂದ.

"ನನಗೆ ಹೆಜ್ಜೆ ಗೊತ್ತಿಲ್ಲ."

"ಎದುರಿನವರಿಗೂ ಗೊತ್ತಿಲ್ಲ, ನೋಡು."

ಹೌದು ಮಾರಾಯ್ತಿ. ಕಿಮೋನೋ ಹಾಕಿದ ಅಜ್ಜಿಯರು ನೀರು ಹರಿದ ಹಾಗೆ ಕೈ ತಿರುಗಿಸ್ತಾ ಹೋಗ್ತಾರೆ, ಅವರ ಹಿಂದೆ ಚಡ್ಡಿ ಹಾಕಿದವರು, ಮಕ್ಕಳನ್ನು ಎತ್ತಿಕೊಂಡವರು, ಎಲ್ಲರೂ ತಪ್ಪು ತಪ್ಪು. ಡೇನಿಯಲ್ ನನ್ನ ಕೈಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ನನಗಿಂತ ಮೊದಲೇ ಇಳಿದ. ಅಷ್ಟು ದೊಡ್ಡ ಆಳು, ಬಲಗೈ ಎತ್ತಬೇಕಾದಲ್ಲಿ ಎಡಗೈ. ನನಗೆ ನಗು ತಡೀಲಿಲ್ಲ, ನಗ್ತಾ ನಾನೂ ಸಾಲಿಗೆ ಸೇರಿದೆ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಚಪ್ಪಾಳೆ. ಒಂದು ಕಡೆ ಎಲ್ಲರೂ ತಿರುಗಿದರು, ನಾನು ಒಬ್ಬಳೇ ನೇರ ಹೋಗ್ತಾ ಇದ್ದೆ. ಯಾರೋ ಹೆಂಗಸು ಮೊಣಕೈ ಹಿಡಿದು ತಿರುಗಿಸಿದಳು. ಪ್ರತಿ ಸುತ್ತಿಗೂ ಜಾರ್ಜನ ಎದುರು ಬಂದಾಗ ಅವನು ಕೂತಲ್ಲೇ ಕೈ ಮಾಡಿ ಯಾವ ಕೈ ಅಂತ ತೋರಿಸ್ತಿದ್ದ. ಅವನ ಕೈಗೆ ಮಾತ್ರ ಎಲ್ಲ ಸರಿಯಾಗಿ ಗೊತ್ತುಂಟು.

ಹಾಡು ಮುಗಿಯುವಾಗ ನನ್ನ ಪಾದ ಬಾತಿತ್ತು, ಎದೆ ಹೊಡ್ಕೊಳ್ತಿತ್ತು. ಡೇನಿಯಲ್ ಕೈ ಹಿಡಿದು, "ಸಾಕು ಮಮ್ಮಿ, ಬನ್ನಿ ಕೂರುವ" ಅಂದ.

"ನೀನು ಹೋಗಿ ಕೂತ್ಕೋ ಡೇನಿಯಲ್" ಅಂತ ಹೇಳಿ, ಇನ್ನೊಂದು ಹಾಡಿಗೆ ನಿಂತೆ.

ನಿನ್ನ
ಐರಿನ್